ಪೆಟ್ಟು ಬಿದ್ದ ಮೇಲೆ ಮತ್ತೆ ಕೆಲಸಕ್ಕೆ: ಫಿಸಿಯೋಥೆರಪಿ ಎಲ್ಲಿ, ಎಷ್ಟು ದಿನ, ಯಾವ ಲೆಕ್ಕದಲ್ಲಿ?

ಮೆಣಸು ಕೊಯ್ಯಲು ಹತ್ತಿದ ಏಣಿ ಜಾರಿ ಹಿಮ್ಮಡಿ ಮುರಿದರೆ ಮೂಳೆ ಕೂಡುವುದಕ್ಕೆ ಸುಮಾರು ಮೂರು ತಿಂಗಳು. ಅದೇ ಕಾಲಿನಲ್ಲಿ ಮತ್ತೆ ಇಳಿಜಾರಿನ ತೋಟ ಇಳಿದು, ಏಣಿ ಹತ್ತಿ, ಹೆಗಲಿಗೆ ಚೀಲ ಏರಿಸುವುದಕ್ಕೆ ಆರು ತಿಂಗಳಿಂದ ಒಂದು ವರ್ಷ. ಎಕ್ಸ್-ರೇ ಹಿಡಿದ ಡಾಕ್ಟರು 'ಮೂಳೆ ಕೂಡಿದೆ, ಹೋಗಬಹುದು' ಅನ್ನುವುದು ಮೊದಲ ಲೆಕ್ಕದ ಮೇಲೆ. ತೋಟದ ರೈಟರ್ (ಹಾಜರಿ, ಲೆಕ್ಕ ಬರೆಯುವವರು) ಕೇಳುವುದು ಎರಡನೆಯದನ್ನು. ಈ ಎರಡರ ನಡುವಿನ ತಿಂಗಳುಗಳಲ್ಲಿ ಏನು ಮಾಡುತ್ತೀರಿ, ಯಾರ ಕೈಲಿ ಮಾಡಿಸುತ್ತೀರಿ ಎನ್ನುವುದನ್ನು ಆರಿಸಿಕೊಳ್ಳಲು ಈ ಬರಹ.

ಹಾಸನ, ಚಿಕ್ಕಮಗಳೂರಿನ ಕಡೆ ಫಿಸಿಯೋಥೆರಪಿ ಅಂದರೆ 'ಕರೆಂಟ್ ಇಡಿಸಿಕೊಂಡು ಬರೋದು' ಎಂದೇ ಮಾತು. ಹತ್ತು ದಿನ ಕರೆಂಟ್, ಹತ್ತು ದಿನ ವ್ಯಾಕ್ಸ್ (ಬಿಸಿ ಮೇಣದ ಶಾಖ), ನೋವು ಇಳಿಯಿತು, ಮುಗಿಯಿತು. ನೋವು ಇಳಿಯುವುದು ಒಳ್ಳೆಯದೇ. ಆದರೆ ಯಂತ್ರದ ಕೆಳಗೆ ಮಲಗಿದ ಸೊಂಟ ಚೀಲ ಹೊರುವುದನ್ನು ಕಲಿಯುವುದಿಲ್ಲ. ಹಾಗಾಗಿ ಆಯ್ಕೆ ಶುರುವಾಗಬೇಕಾದದ್ದು ನೋವಿನಿಂದಲ್ಲ, ಕೆಲಸದಿಂದ.

ಮೊದಲು ಕೆಲಸವನ್ನು ಅಳೆಯಿರಿ

ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ: ದಿನಕ್ಕೆ ಎತ್ತುವ ಅತಿ ಭಾರದ ವಸ್ತು ಎಷ್ಟು ಕೆಜಿ, ಎಷ್ಟು ಸಲ, ಎಲ್ಲಿಂದ ಎಲ್ಲಿಗೆ, ನಿಂತು ಎಷ್ಟು ಗಂಟೆ, ಕೂತು ಎಷ್ಟು ಗಂಟೆ, ಕುಕ್ಕರುಗಾಲಲ್ಲಿ ಎಷ್ಟು, ಕೈ ತಲೆಗಿಂತ ಮೇಲೆ ಹೋಗುತ್ತದೆಯೇ, ನೆಲ ಸಮವೋ, ಇಳಿಜಾರೋ, ಒದ್ದೆಯೋ. ಸಾಧ್ಯವಾದರೆ ಜೊತೆಯವರು ಅದೇ ಕೆಲಸ ಮಾಡುವುದನ್ನು ಮೊಬೈಲಿನಲ್ಲಿ ಒಂದು ನಿಮಿಷ ಚಿತ್ರಿಸಿಕೊಂಡು ಹೋಗಿ. ಫಿಸಿಯೋಥೆರಪಿಸ್ಟ್‌ಗೆ ಹತ್ತು ನಿಮಿಷದ ಮಾತಿಗಿಂತ ಅದು ಹೆಚ್ಚು ಹೇಳುತ್ತದೆ.

ಕೆಲಸಕ್ಕೆ ತಕ್ಕಂತೆ ಬೇಡಿಕೆ ಎಷ್ಟು ಬೇರೆಯಾಗುತ್ತದೆ ನೋಡಿ. ಕಾಫಿ ಹಣ್ಣು ಬಿಡಿಸುವವರಿಗೆ ಬೆರಳಿನ ಚುರುಕು, ಬಗ್ಗಿದ ಕುತ್ತಿಗೆ, ಸಂಜೆ ತೂಕದ ಜಾಗಕ್ಕೆ ಚೀಲ ಹೊರುವ ಶಕ್ತಿ ಬೇಕು. ಮರಗಸಿ (ನೆರಳು ಮರದ ಕೊಂಬೆ ಸವರುವುದು) ಮಾಡುವವರಿಗೂ ಮೆಣಸು ಕೊಯ್ಯುವವರಿಗೂ ಒಂಟಿ ಕಾಲಿನ ಸಮತೋಲ ಮತ್ತು ತಲೆಯ ಮೇಲೆ ಗಂಟೆಗಟ್ಟಲೆ ಎತ್ತಿದ ತೋಳು. ಹಾಸನದ ಗಾರ್ಮೆಂಟ್ಸ್‌ನಲ್ಲಿ ಮೆಷಿನ್ ಮೇಲೆ ಕೂರುವವರು ಭಾರ ಎತ್ತುವುದೇ ಇಲ್ಲ. ಅವರ ಸೊಂಟ ಕೆಡುವುದು ಎಂಟು ಗಂಟೆ ಅಲುಗಾಡದೆ ಕೂರುವುದರಿಂದ. ಬಸ್ ಡ್ರೈವರ್‌ಗೆ ಎಡಗಾಲಿನ ಕ್ಲಚ್. ಸೆಸ್ಕ್ ಅಥವಾ ಮೆಸ್ಕಾಂ ಲೈನ್‌ಮನ್‌ಗೆ ಕಂಬ. ಒಂದೇ ಸೊಂಟ ನೋವು, ಐದು ಬೇರೆ ಚಿಕಿತ್ಸೆ.

ಯಾವ ಬಾಗಿಲು ತಟ್ಟಬೇಕು

ಜಿಲ್ಲಾಸ್ಪತ್ರೆಯ ಫಿಸಿಯೋಥೆರಪಿ ವಿಭಾಗ ಎಲ್ಲರಿಗೂ ಮೊದಲು ಸಿಗುವ ಆಯ್ಕೆ. ಹಾಸನದಲ್ಲಿ ವೈದ್ಯಕೀಯ ಕಾಲೇಜು ಹಿಮ್ಸ್‌ಗೆ ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆ, ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಆಸ್ಪತ್ರೆ. ದೊಡ್ಡ ಲಾಭವೆಂದರೆ ಮೂಳೆ ಡಾಕ್ಟರು, ಎಕ್ಸ್-ರೇ, ಫಿಸಿಯೋ ಎಲ್ಲ ಒಂದೇ ಕಾಂಪೌಂಡಿನೊಳಗೆ. ಪರಿಹಾರಕ್ಕೆ ಬೇಕಾದ ಕಾಗದವೂ ಅಲ್ಲೇ ಹುಟ್ಟುತ್ತದೆ. ತೊಂದರೆ ಎಂದರೆ ಬೆಳಗಿನ ಓಪಿಡಿ ನೂಕುನುಗ್ಗಲು ಮತ್ತು ಒಬ್ಬರಿಗೆ ಸಿಗುವ ನಿಮಿಷಗಳು. ಸಕಲೇಶಪುರದಿಂದಲೋ ಕೊಪ್ಪದಿಂದಲೋ ಬರುವವರಿಗೆ ಒಂದು ಭೇಟಿ ಎಂದರೆ ಒಂದು ದಿನ. ವಾರಕ್ಕೆ ಐದು ಸಲ ಹೀಗೆ ಅಲೆದು, ಬಸ್ಸಿನ ಕುಲುಕಾಟಕ್ಕೆ ಸೊಂಟ ಮತ್ತೆ ಹಿಡಿದು ಮನೆಗೆ ಹೋಗುವುದರಲ್ಲಿ ಅರ್ಥವಿಲ್ಲ. ಹತ್ತು-ಹದಿನೈದು ದಿನಕ್ಕೊಮ್ಮೆ ಹೋಗಿ, ಅಳತೆ ಮಾಡಿಸಿ, ಮುಂದಿನ ಹಂತದ ವ್ಯಾಯಾಮ ಬರೆಸಿಕೊಂಡು ಬರುವುದು. ಉಳಿದ ದಿನ ಮನೆಯಲ್ಲಿ ದಿನವೂ ಮಾಡುವುದು. ತೊಡಕಿಲ್ಲದ ಪೆಟ್ಟುಗಳಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ದುಡ್ಡು ಕೊಟ್ಟರೂ ಕಷ್ಟ. ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಿರುವುದರಿಂದ ಸರ್ಕಾರಿ ಬಸ್ಸಿನ ಖರ್ಚಿಲ್ಲ. ಆದರೆ ಮಲೆನಾಡಿನ ಕೆಲವು ಮಾರ್ಗಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಟಿಕೆಟ್ ತೆಗೆಯಲೇಬೇಕು.

ಖಾಸಗಿ ಕ್ಲಿನಿಕ್‌ನಲ್ಲಿ ಕೊಳ್ಳುವುದು ಸಮಯವನ್ನು. ಸಂಜೆ ತೆರೆದಿರುತ್ತದೆ, ಒಬ್ಬರೇ ನೋಡುತ್ತಾರೆ. ಅಪಾಯವಿರುವುದು ಪ್ಯಾಕೇಜಿನಲ್ಲಿ. ಇಪ್ಪತ್ತು ಸಲಕ್ಕೆ ಮುಂಗಡ ಕಟ್ಟಿಸಿಕೊಂಡು, ಇಪ್ಪತ್ತು ಸಲವೂ ನೋವಿಗೆ ಕರೆಂಟ್ ಕೊಡುವ ಐಎಫ್‌ಟಿ, ಅಲ್ಟ್ರಾಸೌಂಡ್, ಬಿಸಿ ಪ್ಯಾಕ್ ಇಟ್ಟು ಕಳಿಸಿದರೆ ಅದು ಚಿಕಿತ್ಸೆಯಲ್ಲ, ಹಾಜರಿ. ಮೊದಲ ದಿನವೇ ನಾಲ್ಕು ಮಾತು ಕೇಳಿ. ನೀವು ಬಿಪಿಟಿ (ಫಿಸಿಯೋಥೆರಪಿ ಪದವಿ) ಓದಿದವರೇ? ಕೀಲು ಎಷ್ಟು ಡಿಗ್ರಿ ಮಡಚುತ್ತದೆ ಎಂದು ಇವತ್ತು ಅಳೆದು ಬರೆಯುತ್ತೀರಾ? ಅರ್ಧ ಸಮಯವಾದರೂ ವ್ಯಾಯಾಮಕ್ಕೆ ಇರುತ್ತದೆಯೇ? ಆರು ಸಲ ಬಂದ ಮೇಲೂ ಅಳತೆ ಅಲುಗದಿದ್ದರೆ ಏನು ಮಾಡುತ್ತೀರಿ? ಕೊನೆಯ ಪ್ರಶ್ನೆಗೆ 'ಮೂಳೆ ಡಾಕ್ಟರಿಗೆ ವಾಪಸ್ ತೋರಿಸುತ್ತೇವೆ' ಅನ್ನುವವರಲ್ಲಿ ಧೈರ್ಯವಾಗಿ ದುಡ್ಡು ಕಟ್ಟಬಹುದು. ಇನ್ನೊಂದು: ಒಳಗೆ ಪ್ಲೇಟ್, ರಾಡ್ ಇರುವ ಜಾಗಕ್ಕೆ, ಮೈಯೊಳಗೆ ಶಾಖ ಹುಟ್ಟಿಸುವ ಶಾರ್ಟ್‌ವೇವ್ ಡಯಾಥರ್ಮಿ ಇಡುವಂತಿಲ್ಲ, ಲೋಹ ಒಳಗೇ ಕಾದು ಮಾಂಸ ಸುಡುತ್ತದೆ. ಪೇಸ್‌ಮೇಕರ್ ಇದ್ದವರು ಆ ಯಂತ್ರದ ಹತ್ತಿರವೂ ಹೋಗಬಾರದು. ಆಪರೇಷನ್ ಆಗಿದೆ ಎಂದು ಅವರು ಕೇಳುವ ಮೊದಲೇ ಹೇಳಿ.

ಮನೆಗೆ ಬಂದು ಮಾಡಿಸುವವರು ಮೊದಲ ಎರಡು-ಮೂರು ವಾರಕ್ಕೆ ಸರಿ: ತೊಡೆ ಮೂಳೆಗೆ ರಾಡ್ ಹಾಕಿದವರು, ಲೈನ್ ಮನೆಯ (ಎಸ್ಟೇಟ್ ಕೆಲಸಗಾರರ ಸಾಲುಮನೆ) ಮೆಟ್ಟಿಲು ಇಳಿಯಲಾಗದವರು. ವಾಕರ್ ಹಿಡಿದು ಬಚ್ಚಲಿಗೆ ಹೋಗುವುದನ್ನು ಅದೇ ಬಚ್ಚಲಲ್ಲೇ ಕಲಿಸುವುದು ಮನೆ ಭೇಟಿಗೆ ಮಾತ್ರ ಸಾಧ್ಯ. ಆಮೇಲೂ ಮಂಚದ ಮೇಲೇ ಮುಂದುವರಿದರೆ ಕೆಲಸದ ಶಕ್ತಿ ಬರುವುದಿಲ್ಲ. ಹೊರಗೆ ಹೋಗುವುದೇ ಅರ್ಧ ವ್ಯಾಯಾಮ.

ಆಯುರ್ವೇದದ ಮಾತು ಬಿಟ್ಟರೆ ಹಾಸನದ ಲೆಕ್ಕ ಪೂರ್ತಿಯಾಗುವುದಿಲ್ಲ. ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜಿನ ಆಸ್ಪತ್ರೆ ಊರಲ್ಲೇ ಇದೆ, ಎಣ್ಣೆ ಅಭ್ಯಂಗ, ಎಲೆಕಿಳಿಗೆ (ಬಿಸಿ ಎಲೆಗಂಟಿನ ಶಾಖ) ಸುತ್ತಲ ತಾಲ್ಲೂಕುಗಳಿಂದ ಜನ ಬರುತ್ತಾರೆ. ಹಳೆಯ ಸೊಂಟ ನೋವಿನ ಬಿಗಿ, ಪ್ಲಾಸ್ಟರ್ ತೆಗೆದ ಮೇಲಿನ ಮಾಂಸಖಂಡದ ಸೆಡೆತ ಇಂಥವಕ್ಕೆ ಬಿಸಿ ಎಣ್ಣೆ ಹಿತ, ಅದಾದ ಮೇಲೆ ಕೀಲು ಮಡಚುವುದೂ ಸುಲಭ. ಕ್ಲಿನಿಕ್ಕಿನ ವ್ಯಾಕ್ಸ್ ಮಾಡುವ ಕೆಲಸವೂ ಬಹುಪಾಲು ಇದೇ, ಅದರ ಬದಲು ಇದನ್ನು ಆರಿಸಿದರೆ ನಷ್ಟವಿಲ್ಲ. ಆದರೆ ಎಣ್ಣೆ ಆರಿದ ಮೇಲೆ ವ್ಯಾಯಾಮ ಮಾಡಲೇಬೇಕು. ಇನ್ನೂ ಕೂಡದ ಮೂಳೆಯ ಮೇಲೆ, ಒಣಗದ ಹೊಲಿಗೆಯ ಮೇಲೆ, ಸ್ಪರ್ಶ ತಿಳಿಯದ ಚರ್ಮದ ಮೇಲೆ ಉಜ್ಜುವಿಕೆಯೂ ಬೇಡ, ಶಾಖವೂ ಬೇಡ. ಮೊಣಕೈಯಂತೂ ವಿಶೇಷ ಎಚ್ಚರದ ಜಾಗ. ಪೆಟ್ಟು ಬಿದ್ದ ಮೊಣಕೈಯನ್ನು ನೀವಿ, ಬಲವಂತವಾಗಿ ಎಳೆದು ನೆಟ್ಟಗೆ ಮಾಡಹೋದರೆ ಮಾಂಸದೊಳಗೇ ಮೂಳೆ ಬೆಳೆದು ಕೀಲು ಶಾಶ್ವತವಾಗಿ ಹಿಡಿದುಬಿಡಬಹುದು. ಫಿಸಿಯೋಥೆರಪಿಸ್ಟ್ ಎಳೆದರೂ ಇದೇ ಆಗುವುದು. ಮೊಣಕೈಯನ್ನು ಪೆಟ್ಟು ತಿಂದವರೇ, ತಮ್ಮ ಶಕ್ತಿಯಿಂದಲೇ ಮಡಚಿ ಬಿಡಿಸಬೇಕು.

ನಾಟಿ ಕಟ್ಟಿನ ಬಗ್ಗೆ ಒಂದೇ ಮಾತು. ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದ ಮೇಲೆ ಬೆರಳು ತಣ್ಣಗಾಗುವುದು, ಬಿಳಿಚುವುದು, ಜೋಮು ಹಿಡಿಯುವುದು, ಬೆರಳನ್ನು ಬೇರೆಯವರು ಬಿಡಿಸಿದರೆ ಪ್ರಾಣ ಹೋಗುವಂಥ ನೋವು ಇವುಗಳಲ್ಲಿ ಯಾವುದು ಕಂಡರೂ ಕಟ್ಟು ಆ ಗಳಿಗೆಯಲ್ಲೇ ಬಿಚ್ಚಿಸಿ ಆಸ್ಪತ್ರೆಗೆ ಓಡಬೇಕು. ಕೆಲವೇ ಗಂಟೆಗಳಲ್ಲಿ ಮಾಂಸ ಸತ್ತು ಕೈ ಮುರುಟಿಹೋಗುತ್ತದೆ. ಆಸ್ಪತ್ರೆಯ ಪ್ಲಾಸ್ಟರ್ ಬಿಗಿಯಾದರೂ ಇದೇ ನಿಯಮ.

ಒಳರೋಗಿಯಾಗಿ ಇರಿಸಿಕೊಂಡು ಮಾಡುವ ಪುನಶ್ಚೇತನ ಬೇಕಾಗುವುದು ಕೆಲವರಿಗೆ ಮಾತ್ರ, ಆದರೆ ಅವರಿಗೆ ಅದು ಬೇಕೇ ಬೇಕು: ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು, ತಲೆಗೆ ಪೆಟ್ಟಾಗಿ ಮಾತು ಅಥವಾ ನಡಿಗೆ ತಪ್ಪಿದವರು, ಕಾಲು ಕೈ ಕತ್ತರಿಸಿದವರು. ಇಲ್ಲಿಂದ ಬೆಂಗಳೂರಿಗೇ ಹೋಗಬೇಕು. ನರದ ಪೆಟ್ಟಿಗೆ ನಿಮ್ಹಾನ್ಸ್. ಬೆನ್ನುಹುರಿಯವರಿಗೆ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ. ಕೃತಕ ಕಾಲು, ಕಾಲಿಗೆ ಆಸರೆಯ ಕ್ಯಾಲಿಪರ್‌ಗೆ ಮೊಬಿಲಿಟಿ ಇಂಡಿಯಾ. ದೂರವಾದರೂ ವೆಲ್ಲೂರಿನ ಸಿಎಂಸಿಗೆ ಹೋಗುವವರಿದ್ದಾರೆ. ಜಾಗ ಸಿಗುವವರೆಗೆ ಮನೆಯಲ್ಲಿ ಮಾಡಬೇಕಾದದ್ದು ದೊಡ್ಡದು: ಮಲಗಿದವರನ್ನು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲಿನ ಕೆಳಗೆ ದಿಂಬು ಇಡಿ, ವೀಲ್‌ಚೇರಿನಲ್ಲಿ ಕೂತವರು 15ರಿಂದ 30 ನಿಮಿಷಕ್ಕೊಮ್ಮೆ ಕೈ ಊರಿ ಕುಂಡೆ ಎತ್ತಲಿ. ಹಾಸಿಗೆ ಹುಣ್ಣು ಒಂದು ಸಲ ಆಳಕ್ಕೆ ಹೋದರೆ ಅದು ಮಾಯುವವರೆಗೆ ತಿಂಗಳುಗಟ್ಟಲೆ ಕೂರುವುದೇ ನಿಲ್ಲುತ್ತದೆ, ಬೇರೆಲ್ಲ ತರಬೇತಿಯೂ ನಿಲ್ಲುತ್ತದೆ.

ಪೆಟ್ಟು ಯಾವುದು, ಆಯ್ಕೆ ಯಾವುದು

ಸೊಂಟ ಹಿಡಿದದ್ದು ಸಾಮಾನ್ಯದ್ದಾದರೆ ಒಂದೆರಡು ದಿನಕ್ಕಿಂತ ಹೆಚ್ಚು ಮಲಗಬೇಡಿ. ಮಲಗಿದಷ್ಟೂ ಬೆನ್ನಿನ ಸ್ನಾಯು ಸೊರಗುತ್ತದೆ, ಎದ್ದ ದಿನ ನೋವು ಹೆಚ್ಚಾಗಿ 'ನೋಡಿ, ಇನ್ನೂ ವಾಸಿಯಾಗಿಲ್ಲ' ಅನ್ನಿಸುತ್ತದೆ. ದಿನಕ್ಕೆ ಮೂರು ಸಲ ಹತ್ತು ನಿಮಿಷ ನಡಿಗೆಯಿಂದ ಶುರು ಮಾಡಿ. ಹೆಚ್ಚಿನವರು ಆರು ವಾರದೊಳಗೆ ಚೇತರಿಸಿಕೊಳ್ಳುತ್ತಾರೆ. ಮನೆ ವ್ಯಾಯಾಮ, ಒಂದೆರಡು ಭೇಟಿ ಸಾಕು. ಆದರೆ ಕೂರುವ ಜಾಗದಲ್ಲಿ ಸ್ಪರ್ಶ ತಪ್ಪಿದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಪಾದ ಎತ್ತಲಾಗದೆ ಎಳೆದು ನಡೆಯುವಂತಾದರೆ ಫಿಸಿಯೋ ಬಾಗಿಲಿಗೆ ಹೋಗಬೇಡಿ. ಅದೇ ದಿನ ತುರ್ತು ವಿಭಾಗಕ್ಕೆ ಹೋಗಿ.

ಕಾಫಿ ಕಣದಲ್ಲಿ, ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಜಾರಿ ಕೈ ಊರಿ ಬಿದ್ದು ಮಣಿಕಟ್ಟು ಮುರಿದವರಿಗೆ ಪ್ಲಾಸ್ಟರ್ ಸುಮಾರು ಆರು ವಾರ. ಎಲ್ಲರೂ ಮಾಡುವ ತಪ್ಪು ಒಂದೇ: ಆ ಆರು ವಾರ ಇಡೀ ತೋಳನ್ನು ಜೋಳಿಗೆಯಲ್ಲಿ ನೇತುಹಾಕಿ ಕೂರುವುದು. ಪ್ಲಾಸ್ಟರ್ ತೆಗೆದಾಗ ಮಣಿಕಟ್ಟು ಸರಿ, ಬೆರಳು ಮುಷ್ಟಿಯಾಗದು, ಭುಜ ಮೇಲೇಳದು. ಮೊದಲ ದಿನದಿಂದಲೇ ಗಂಟೆಗೊಮ್ಮೆ ಹತ್ತು ಸಲ ಪೂರ್ತಿ ಮುಷ್ಟಿ ಕಟ್ಟಿ ಬಿಡಿ, ದಿನಕ್ಕೆ ಮೂರು ಸಲ ತೋಳನ್ನು ತಲೆಯ ಮೇಲಕ್ಕೆ ಎತ್ತಿ. ಪ್ಲಾಸ್ಟರ್ ಬಿಚ್ಚಿದ ಮೇಲೂ ತೊಡಕಿಲ್ಲದ ಮುರಿತಕ್ಕೆ ಸರಿಯಾಗಿ ಹೇಳಿಕೊಟ್ಟ ಮನೆ ವ್ಯಾಯಾಮ ದಿನವೂ ಕ್ಲಿನಿಕ್ಕಿಗೆ ಹೋಗುವುದಕ್ಕೆ ಹೆಚ್ಚು ಕಡಿಮೆ ಸಮ. ಕೈ ಕೆಂಪಾಗಿ, ಹೊಳೆದು, ಬೆವರಿ, ಮುಟ್ಟಿದರೂ ಉರಿಯುವ ನೋವು ವಾರಗಟ್ಟಲೆ ಇಳಿಯದಿದ್ದರೆ ಮಾತ್ರ ತಡಮಾಡದೆ ಪಳಗಿದವರ ಕೈಗೆ ಕೊಡಿ. ಅಂಥ ಕೈಯನ್ನು ಅಲುಗಿಸದೆ ಇಟ್ಟಷ್ಟೂ ಕೆಡುತ್ತದೆ.

ಕೈಯ ಕೊಯ್ತದ ವಿಷಯದಲ್ಲಿ ನಮ್ಮ ಭಾಷೆಯೇ ಒಂದು ತೊಡಕು. ಕತ್ತಿ ಜಾರಿದರೂ, ಕಳೆ ಕೊಚ್ಚುವ ಯಂತ್ರದ ಬ್ಲೇಡ್ ತಾಗಿದರೂ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಬೆರಳು ಸಿಕ್ಕಿದರೂ 'ನರ ಕಟ್ ಆಯ್ತು' ಅನ್ನುತ್ತೇವೆ. ಸಂದೇಶ ಒಯ್ಯುವ ನರವೂ ನರವೇ, ಬೆರಳನ್ನು ಎಳೆಯುವ ಹಗ್ಗದಂಥ ಟೆಂಡನ್ನೂ ನರವೇ. ಚಿಕಿತ್ಸೆ ಮಾತ್ರ ಪೂರ್ತಿ ಬೇರೆ. ಡಿಸ್ಚಾರ್ಜ್ ಆಗುವಾಗ 'ಕಟ್ ಆದದ್ದು ಟೆಂಡನ್ನೋ ನರ್ವೋ, ಅಂಗೈ ಕಡೆಯದೋ ಹಿಂಬದಿಯದೋ' ಎಂದು ಕೇಳಿ ಬರೆಸಿಕೊಳ್ಳಿ.

ಅಂಗೈ ಕಡೆಯ ಟೆಂಡನ್ ಹೊಲಿದಿದ್ದರೆ ಮನೆ ವ್ಯಾಯಾಮವೊಂದನ್ನೇ ನಂಬಿ ಕೂರುವಂತಿಲ್ಲ. ಕೈಯ ಆಪರೇಷನ್ ಮಾಡಿದ ತಂಡದ ಜೊತೆಗೇ ಕೆಲಸ ಮಾಡುವ ಫಿಸಿಯೋ ಬೇಕು, ಅದಕ್ಕಾಗಿ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಾದರೂ ಸರಿ. ಹೊಲಿಗೆ ಹಾಕಿದ ಮೂರರಿಂದ ಐದು ದಿನದೊಳಗೆ, ಬೆರಳು ಪೂರ್ತಿ ನೆಟ್ಟಗಾಗದಂತೆ ತಡೆಯುವ ಸ್ಪ್ಲಿಂಟ್‌ನೊಳಗೇ ಅಲುಗಾಟ ಶುರುವಾಗಬೇಕು. ಅಲುಗಿಸದಿದ್ದರೆ ಟೆಂಡನ್ ಸುತ್ತಲ ಮಾಂಸಕ್ಕೆ ಅಂಟಿಕೊಂಡು ಬೆರಳು ಮಡಚದು. ಹೆಚ್ಚು ಎಳೆದರೆ ಹೊಲಿಗೆ ಕಿತ್ತುಬರುತ್ತದೆ. ಸ್ಪ್ಲಿಂಟ್ ಸುಮಾರು 6 ವಾರ, ಲೋಟ ಹಿಡಿಯುವಂಥ ಹಗುರ ಬಳಕೆ 8ನೇ ವಾರದ ಸುಮಾರಿಗೆ, ಕತ್ತಿ ಹಿಡಿದು ಬಲವಾಗಿ ಬೀಸುವುದು 12 ವಾರ ದಾಟಿದ ಮೇಲೆ. ಎರಡನೇ ವಾರದಲ್ಲಿ ನೋವಿಲ್ಲವೆಂದು ಸ್ಪ್ಲಿಂಟ್ ಬಿಚ್ಚಿ ಬಿಂದಿಗೆ ಎತ್ತಿ ಹೊಲಿಗೆ ಹರಿದುಕೊಳ್ಳುವವರು ಕಡಿಮೆಯಿಲ್ಲ. ಕೈಯೊಳಗೆ 'ಟಕ್' ಎಂದು ಬೆರಳು ಇದ್ದಕ್ಕಿದ್ದಂತೆ ಜೋತುಬಿದ್ದರೆ ಅದು ಹರಿದದ್ದೇ, ಮರುದಿನಕ್ಕೆ ಕಾಯಬೇಡಿ.

ಎತ್ತರದಿಂದ ಬಿದ್ದು ಹಿಮ್ಮಡಿ ಮುರಿದವರ ಬೆನ್ನಿನ ಎಕ್ಸ್-ರೇ ಆಗಿದೆಯೇ ನೋಡಿಕೊಳ್ಳಿ. ಕಾಲ ಮೇಲೆ ನೇರ ಬಿದ್ದ ಪೆಟ್ಟು ಬೆನ್ನುಮೂಳೆಗೂ ಏರಿರುವುದುಂಟು, ಕಾಲಿನ ನೋವಿನಲ್ಲಿ ಅದು ಗೊತ್ತಾಗುವುದಿಲ್ಲ. ಹಿಮ್ಮಡಿಗೆ ಆರರಿಂದ ಹನ್ನೆರಡು ವಾರ ಭಾರ ಹಾಕುವಂತಿಲ್ಲ. ಭಾರ ಹಾಕತೊಡಗಿದ ಮೇಲಿನ ಸಮಸ್ಯೆ ಸಮ ನೆಲದಲ್ಲಿ ಕಾಣುವುದೇ ಇಲ್ಲ, ಏಕೆಂದರೆ ಪಾದ ಒಳಕ್ಕೂ ಹೊರಕ್ಕೂ ವಾಲುವ ಕೀಲೇ ಇಲ್ಲಿ ಗಟ್ಟಿಯಾಗುವುದು. ಕ್ಲಿನಿಕ್ಕಿನ ಟೈಲ್ಸ್ ಮೇಲೆ ಚೆನ್ನಾಗಿ ನಡೆದವರು ತೋಟದ ಓರೆಯಲ್ಲಿ ಮುಗ್ಗರಿಸುತ್ತಾರೆ. ಹಾಗಾಗಿ ಕೊನೆಯ ತಿಂಗಳ ಅಭ್ಯಾಸ ಹುಲ್ಲಿನ ಮೇಲೆ, ಆಮೇಲೆ ಏರಿನಲ್ಲಿ, ಕೊನೆಗೆ ಇಳಿಜಾರಿನಲ್ಲಿ.

ಭುಜದ್ದು ನಿಧಾನ. ಹರಿದ ಸ್ನಾಯು ಹೊಲಿದವರಿಗೆ ತಲೆಯ ಮೇಲಿನ ಕೆಲಸಕ್ಕೆ ನಾಲ್ಕರಿಂದ ಆರು ತಿಂಗಳು. ಸಕ್ಕರೆ ಕಾಯಿಲೆ ಇದ್ದವರ ಭುಜ ಸಣ್ಣ ಪೆಟ್ಟಿಗೂ ಹಿಡಿದುಕೊಳ್ಳುತ್ತದೆ, ಸಕ್ಕರೆ ಹತೋಟಿಗೆ ಬಾರದೆ ಬರೀ ವ್ಯಾಯಾಮಕ್ಕೆ ಬಿಡುವುದೂ ಇಲ್ಲ.

ಎಲ್ಲರೂ ಬಿಟ್ಟುಬಿಡುವ ಹಂತ

ನೋವು ಇಳಿದ ಮೇಲೆ, ಕೆಲಸಕ್ಕೆ ಹೋಗುವ ಮುಂಚೆ ಮಾಡಬೇಕಾದ ಒಂದು ತರಬೇತಿಗೆ ವರ್ಕ್ ಕಂಡೀಷನಿಂಗ್ ಎಂದು ಹೆಸರು: ದಿನಕ್ಕೆ ಎರಡರಿಂದ ನಾಲ್ಕು ಗಂಟೆ, ವಾರಕ್ಕೆ ಮೂರರಿಂದ ಐದು ದಿನ, ಹೆಚ್ಚೆಂದರೆ ಎಂಟು ವಾರ, ಕೆಲಸದ ಚಲನೆಗಳನ್ನೇ ಭಾರ ಏರಿಸುತ್ತ ಮಾಡಿಸುವುದು. ಇನ್ನೂ ಮುಂದಿನದು ವರ್ಕ್ ಹಾರ್ಡನಿಂಗ್: ದಿನಕ್ಕೆ ಎಂಟು ಗಂಟೆಯವರೆಗೂ ನಿಜವಾದ ಕೆಲಸದ ಅಣಕು, ಜೊತೆಗೆ ಮನಶ್ಶಾಸ್ತ್ರಜ್ಞರೂ ಇರುವ ತಂಡ. ಎರಡನೆಯದು ದೊಡ್ಡ ಊರುಗಳ ಮಾತು. ಮೊದಲನೆಯದನ್ನು ಮೂಡಿಗೆರೆಯ ಅಂಗಳದಲ್ಲೂ ಮಾಡಬಹುದು, ಡಾಕ್ಟರು ಭಾರ ಎತ್ತಲು ಒಪ್ಪಿದ ಮೇಲೆ.

ಬೇಕಾದದ್ದು ಒಂದು ಗಟ್ಟಿ ಚೀಲ, ಮರಳು, ತಕ್ಕಡಿ. ನೀರಿನ ಕ್ಯಾನ್ ಕೂಡ ಆಗುತ್ತದೆ, ಒಂದು ಲೀಟರ್ ಒಂದು ಕೆಜಿ. ಆದರೆ ಅರ್ಧ ತುಂಬಿದ ಕ್ಯಾನ್‌ನಲ್ಲಿ ನೀರು ಕುಲುಕಿ ಸೊಂಟವನ್ನು ಅತ್ತಿತ್ತ ಎಳೆಯುತ್ತದೆ, ಶುರುವಿನಲ್ಲಿ ಬೇಡ. ಮೊದಲ ವಾರ 5 ಕೆಜಿ, ಸೊಂಟದೆತ್ತರದ ಕಟ್ಟೆಯಿಂದ ಎತ್ತಿ ಮತ್ತೆ ಅಲ್ಲಿಗೇ ಇಡುವುದು. ಹತ್ತು ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಎರಡನೇ ವಾರ ಅದೇ 5 ಕೆಜಿ ಮೊಣಕಾಲೆತ್ತರದಿಂದ. ಮೂರನೆಯದರಲ್ಲಿ 8 ಕೆಜಿ, ಆಮೇಲೆ ಅದನ್ನೇ ನೆಲದಿಂದ. ಹೀಗೆ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು: ತೂಕ, ಇಲ್ಲವೇ ಎತ್ತರ, ಇಲ್ಲವೇ ದೂರ. ಎರಡನ್ನು ಒಟ್ಟಿಗೆ ಏರಿಸಿದರೆ ನೋವು ಬಂದಾಗ ಯಾವುದರಿಂದ ಬಂತು ಎಂದು ತಿಳಿಯುವುದಿಲ್ಲ. 15 ಕೆಜಿ ಸಲೀಸಾದ ಮೇಲೆ ಹೊತ್ತು ನಡೆಯುವುದು, ಸಮ ನೆಲದಲ್ಲಿ 50 ಮೀಟರ್ ನಾಲ್ಕು ಸಲ, ಆಮೇಲೆ ಏರಿನಲ್ಲಿ.

ಎಷ್ಟು ನೋವು ಸರಿ? ಹತ್ತರಲ್ಲಿ ಮೂರು-ನಾಲ್ಕರಷ್ಟು ನೋವು ವ್ಯಾಯಾಮದ ಹೊತ್ತಿನಲ್ಲಿ ಬಂದು ಮರುದಿನ ಬೆಳಗ್ಗೆ ಹಳೆಯ ಮಟ್ಟಕ್ಕೆ ಇಳಿದಿದ್ದರೆ ಮುಂದುವರಿಸಿ. ಬೆಳಗ್ಗೆಯೂ ಹೆಚ್ಚೇ ಇದ್ದರೆ ಅಥವಾ ಕೀಲು ಊದಿದ್ದರೆ ಹಿಂದಿನ ವಾರದ ಮಟ್ಟಕ್ಕೆ ಇಳಿಯಿರಿ, ನಿಲ್ಲಿಸಬೇಡಿ. ಮಾತ್ರೆ ನುಂಗಿ ಈ ಪರೀಕ್ಷೆ ಮಾಡಿದರೆ ಲೆಕ್ಕವೇ ಸುಳ್ಳು.

ಕೊನೆಯ ಗುರಿ 50 ಕೆಜಿ ಕಾಫಿ ಚೀಲವೇ? ಅಮೆರಿಕದ ನಯೋಶ್ ಸಂಸ್ಥೆಯ ಸೂತ್ರದಂತೆ ಎಲ್ಲ ಅನುಕೂಲವಿರುವಾಗ, ವಸ್ತು ಮೈಗೆ ಹತ್ತಿರ, ಸೊಂಟದೆತ್ತರದಲ್ಲಿ ಇರುವಾಗ ಎತ್ತಬಹುದಾದದ್ದು 23 ಕೆಜಿ. ನಮ್ಮ ಚೀಲ ಅದರ ಎರಡು ಪಟ್ಟಿಗಿಂತ ಹೆಚ್ಚು. ಪೆಟ್ಟು ತಿಂದು ಮರಳಿದವರಿಗೆ ಅರ್ಧ ಚೀಲ ತುಂಬಿಸುವುದು, ಇಲ್ಲವೇ ಇಬ್ಬರು ಎತ್ತುವುದು ಉಪಕಾರವಲ್ಲ, ಬುದ್ಧಿವಂತಿಕೆ. ಇದನ್ನು ಮಾಲೀಕರ ಹತ್ತಿರ ಕೇಳಲು ಸಂಕೋಚ ಬೇಡ.

ಏಣಿಗೆ ಬೇರೆ ಪರೀಕ್ಷೆ. ಕಣ್ಣು ತೆರೆದು ಪೆಟ್ಟಾದ ಒಂಟಿ ಕಾಲಲ್ಲಿ 30 ಸೆಕೆಂಡು ನಿಲ್ಲಬೇಕು. ಅದೇ ಕಾಲಿನ ತುದಿಬೆರಳ ಮೇಲೆ ಹಿಮ್ಮಡಿ ಎತ್ತಿ ಇಳಿಸುವುದು 20 ಸಲವಾದರೂ ಆಗಬೇಕು. ಮೆಟ್ಟಿಲನ್ನು ಆ ಕಾಲಿನಿಂದ ನಿಧಾನವಾಗಿ, ಧೊಪ್ಪೆಂದು ಬೀಳದೆ ಇಳಿಯಬೇಕು. ಮೂರೂ ಆದಮೇಲೆ ಒಬ್ಬರು ಏಣಿ ಹಿಡಿದು ನಿಂತಿರುವಾಗ ಎರಡನೇ ಮೆಟ್ಟಿಲು, ಅಲ್ಲಿ ಎರಡೂ ಕೈ ಬಿಟ್ಟು ನಿಲ್ಲುವುದು. ಇಲ್ಲಿ ಕಾಲು ನಡುಗಿದರೆ ಹತ್ತು ಅಡಿ ಮೇಲೆ ಏನಾದೀತೆಂದು ಯಾರೂ ಹೇಳಬೇಕಿಲ್ಲ.

ದುಡ್ಡಿನ ಲೆಕ್ಕ ಆಯ್ಕೆಯನ್ನು ಬದಲಿಸುತ್ತದೆ

ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವ ಫ್ಯಾಕ್ಟರಿ ಕೆಲಸಗಾರರಿಗೂ ಎಸ್ಟೇಟ್ ಕೆಲಸಗಾರರಿಗೂ ವಿಶ್ರಾಂತಿಯ ಬೆಲೆ ಒಂದೇ ಅಲ್ಲ. ತಿಂಗಳ ಸಂಬಳ 21,000ದ ಒಳಗಿದ್ದು ಇಎಸ್‌ಐ ಕಟ್ಟುತ್ತಿರುವವರಿಗೆ ಕೆಲಸದಲ್ಲಿ ಪೆಟ್ಟಾದರೆ ಸರಾಸರಿ ಕೂಲಿಯ ಶೇ. 90ರಷ್ಟು, ಅಶಕ್ತತೆ ಇರುವವರೆಗೂ ಸಿಗುತ್ತದೆ. ಕಾಯಿಲೆ ರಜೆಯ ಶೇ. 70, 91 ದಿನದ ಮಿತಿ ಇದಕ್ಕಿಲ್ಲ. ಆದ್ದರಿಂದ ಅಪಘಾತದ ವರದಿ ಕಾಯಿಲೆಯ ರಜೆಯಾಗಿ ದಾಖಲಾಗದಂತೆ ನೋಡಿಕೊಳ್ಳುವುದೇ ಮೊದಲ ಕೆಲಸ. ಕಾಫಿ, ಏಲಕ್ಕಿ ಎಸ್ಟೇಟಿನವರಿಗೆ ಅನ್ವಯಿಸುತ್ತಿದ್ದದ್ದು 1923ರ ಪರಿಹಾರ ಕಾಯ್ದೆ. ಅದರ ಲೆಕ್ಕ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೂ ಬಂದಿದೆ. ಅಲ್ಲಿ ತಾತ್ಕಾಲಿಕ ಅಶಕ್ತತೆಗೆ ಹದಿನೈದು ದಿನಕ್ಕೊಮ್ಮೆ ತಿಂಗಳ ಕೂಲಿಯ ಶೇ. 25. ತಿಂಗಳಿಗೆ 12,000 ದುಡಿಯುವವರನ್ನು ತೆಗೆದುಕೊಂಡರೆ ಇಎಸ್‌ಐಯಲ್ಲಿ ಸುಮಾರು 10,800, ಪರಿಹಾರ ಕಾಯ್ದೆಯಲ್ಲಿ 6,000. ಅರ್ಧ ಕೂಲಿಯಲ್ಲಿ ಆರು ತಿಂಗಳು ಮನೆ ನಡೆಯದು, ಅದಕ್ಕೇ ತೋಟದವರು ಅರ್ಧ ವಾಸಿಯಾದ ಕಾಲಲ್ಲಿ ಮೆಣಸಿಗೆ ಹತ್ತುವುದು. ಇಲ್ಲಿ ಹಗುರ ಕೆಲಸಕ್ಕೆ ಬೇಗ ಮರಳುವುದು ಸರಿಯಾದ ಆಯ್ಕೆ. ಇಎಸ್‌ಐಯವರು ಮಾತ್ರ ಭತ್ಯೆ ಪಡೆಯುವ ದಿನ ಕೂಲಿಗೆ ದುಡಿಯುವಂತಿಲ್ಲ. ಅರ್ಧ ದಿನದ ಕೆಲಸ ಶುರು ಮಾಡುವ ಮುನ್ನ ಡಿಸ್ಪೆನ್ಸರಿಯಲ್ಲಿ ಕೇಳಿಯೇ ಮಾಡಬೇಕು.

ಪೆಟ್ಟಿಗೆ ತಗುಲಿದ ಆಸ್ಪತ್ರೆ ಖರ್ಚನ್ನೂ ಮಾಲೀಕರು ಭರಿಸಬೇಕೆಂದು ಪರಿಹಾರದ ಕಾನೂನಿನಲ್ಲಿದೆ, ಫಿಸಿಯೋ ಬಿಲ್ಲುಗಳನ್ನು ದಿನಾಂಕ ಸಮೇತ ಇಟ್ಟುಕೊಳ್ಳಿ. ಪರಿಹಾರದ ಅರ್ಜಿಯನ್ನು ಎರಡು ವರ್ಷದೊಳಗೆ ಹಾಕಿಬಿಡಿ. ಆದರೆ ಪ್ಲಾಸ್ಟರ್ ಬಿಚ್ಚಿದ ವಾರವೇ 'ಎಲ್ಲ ಮುಗಿಯಿತು' ಎಂಬ ಕಾಗದಕ್ಕೆ ಸಹಿ ಹಾಕಬೇಡಿ. ಬೆರಳು ಎಷ್ಟು ಮಡಚುತ್ತದೆ ಎನ್ನುವುದು ಆರು ತಿಂಗಳ ಮೇಲೆ ಗೊತ್ತಾಗುವ ವಿಷಯ. ಸರ್ಕಾರಿ ಸಂಸ್ಥೆಗಳ ನೌಕರರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಇನ್ನೊಂದು ಬಲ: ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂತೆಂದು ತೆಗೆಯುವಂತಿಲ್ಲ, ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು.

ಹಗುರ ಕೆಲಸ ಯಾರಿಗೆ ಹಗುರ

'ಲೈಟ್ ಡ್ಯೂಟಿ ಕೊಡಿ' ಎಂದಷ್ಟೇ ಬರೆದ ಚೀಟಿ ಯಾರಿಗೂ ಉಪಯೋಗವಿಲ್ಲ. ನರ್ಸರಿಯಲ್ಲಿ ಪಾಕೆಟ್‌ಗೆ ಮಣ್ಣು ತುಂಬುವುದು ಭುಜದವರಿಗೆ ಹಗುರ, ಕುಕ್ಕರುಗಾಲಲ್ಲಿ ಕೂರಬೇಕಾದ್ದರಿಂದ ಮೊಣಕಾಲು, ಹಿಮ್ಮಡಿಯವರಿಗೆ ಶಿಕ್ಷೆ. ಎತ್ತರದ ಸ್ಟೂಲ್, ಮೇಜು ಹಾಕಿಕೊಟ್ಟರೆ ಅದೇ ಕೆಲಸ ಅವರಿಗೂ ಸರಿ. ಕಣದಲ್ಲಿ ಕಾಫಿ ಹರಡಿ ಎಳೆಯುವುದು ಕಾಲಿನವರಿಗೆ ಪರವಾಗಿಲ್ಲ. ಭುಜ, ಸೊಂಟದವರಿಗೆ ಬೇಡ. ಕೂತು ಬೀಜ ಆರಿಸುವುದು ಸೊಂಟದವರಿಗೆ ಅರ್ಧ ಗಂಟೆಗೊಮ್ಮೆ ಎದ್ದು ನಡೆಯಲು ಬಿಟ್ಟರೆ ಮಾತ್ರ. ತೂಕ ಬರೆಯುವುದು ಬಹುತೇಕ ಎಲ್ಲರಿಗೂ ಆಗುತ್ತದೆ, ಚೀಲವನ್ನು ತಕ್ಕಡಿಗೆ ಏರಿಸುವ ಕೆಲಸ ಇನ್ನೊಬ್ಬರದಾಗಿದ್ದರೆ. ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಟೇಬಲ್ ಹಗುರವೆಂದು ಕಳಿಸುತ್ತಾರೆ, ಅಲ್ಲಿ ದಿನವಿಡೀ ನಿಲ್ಲಬೇಕೆಂಬುದನ್ನು ಕಾಲು ಮುರಿದವರು ಮೊದಲೇ ಹೇಳಬೇಕು.

ಆದ್ದರಿಂದ ಡಾಕ್ಟರ ಹತ್ತಿರ ಹೀಗೆ ಬರೆಸಿ: '4 ವಾರ 5 ಕೆಜಿಗಿಂತ ಹೆಚ್ಚು ಎತ್ತುವಂತಿಲ್ಲ, ಏಣಿ ಹತ್ತುವಂತಿಲ್ಲ, ಒಂದು ಸಲಕ್ಕೆ 30 ನಿಮಿಷಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ, 4 ವಾರದ ನಂತರ ಮತ್ತೆ ತೋರಿಸಬೇಕು.' ತೂಕ, ಎತ್ತರ, ಸಮಯ, ಮುಂದಿನ ದಿನಾಂಕ ನಾಲ್ಕೂ ಇರಲಿ. ಒಂದು ಪ್ರತಿ ರೈಟರ್ ಅಥವಾ ಸೂಪರ್‌ವೈಸರ್‌ಗೆ, ಒಂದು ನಿಮ್ಮ ಹತ್ತಿರ.

ಮೊದಲ ವಾರ ಅರ್ಧ ದಿನ, ಎರಡನೆಯದು ಮುಕ್ಕಾಲು, ಮೂರನೆಯದರಿಂದ ಪೂರ್ತಿ ಎಂಬ ಏರಿಕೆ ಬಹಳ ಜನರಿಗೆ ಹೊಂದುತ್ತದೆ. ಸೋಮವಾರದ ಬದಲು ಗುರುವಾರ ಶುರು ಮಾಡಿದರೆ ಮೂರು ದಿನ ದುಡಿದ ಮೇಲೆ ಭಾನುವಾರದ ಬಿಡುವು ಸಿಗುತ್ತದೆ. ಮನೆ ವ್ಯಾಯಾಮವನ್ನು ಮರಳಿದ ದಿನವೇ ನಿಲ್ಲಿಸಬೇಡಿ, ಇನ್ನೂ ಆರು ವಾರ ಮಾಡಿ. ಹಿಮ್ಮಡಿ ಮುರಿದದ್ದು ನವೆಂಬರ್‌ನಲ್ಲಾಗಿದ್ದರೆ, ಫೆಬ್ರವರಿಯಲ್ಲಿ ಶುರುವಾಗುವ ಈ ಸಲದ ಮೆಣಸಿಗೆ ಬೇರೆ ಆಳು ಗೊತ್ತು ಮಾಡಿಕೊಳ್ಳಲು ಮಾಲೀಕರಿಗೆ ಡಿಸೆಂಬರ್‌ನಲ್ಲೇ ಹೇಳಿಬಿಡಿ.